ಬುತ್ತಿ ಅಜ್ಜಿಯ ಮೀಸೆ

ನಮ್ಮವರ ಹೆಸರು ಬಸವೇಶ್. ಕೊಟ್ಟೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾರೆ. ಆ ಹೆಸರು ಮನೆಯೊಳಗೆ ಮಾತ್ರ ನಡೆಯುತ್ತದೆ. ಸಂತೆಗೆ ಹೋದರೆ ಒಬ್ಬರು ಬ್ಯಾಟರಿ ಹವಾಲ್ದಾರ ಎಂದು ಸೆಲ್ಯೂಟ್ ಹೊಡೆಯುತ್ತಾರೆ, ಇನ್ನೊಬ್ಬರು ದಲ್ಲಾಳಿ ಓಬಳೇಶಪ್ಪ ಎಂದು ಕರೆದು ತಮ್ಮ ಹುಡುಗನಿಗೆ ಕನ್ಯೆ ಕೇಳುತ್ತಾರೆ. ಹೆಂಗಸರಿಗಂತೂ ಇವರು ಬುತ್ತಿ ಅಜ್ಜಿ. ಎಲ್ಲೇ ಜಗಳವಾಗಲಿ, ಬುತ್ತಿ ಕಟ್ಟಿಕೊಂಡು ಬಿಡಿಸಲು ಹೊರಟು ಅದನ್ನು ಇನ್ನಷ್ಟು ಹಚ್ಚಿ ಬರುವ ಮುದುಕಿ ಅವಳು.

ಪಿಕ್ಚರಿನಲ್ಲಿ ಈ ಮೂವರೂ ಇವರೇ. ಪಿಕ್ಚರು ತೆಗೆಯುವವನು ಹರಪನಹಳ್ಳಿಯ ಮುನಾವರ. ಅವನದು ಮದುವೆ ವಿಡಿಯೋ ತೆಗೆಯುವ ಕೆಲಸ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಕ್ಯಾಮೆರಾ ಸುಮ್ಮನೆ ಕೂತಿರುತ್ತದೆ. ಆಗ ನಗೆ ಪಿಕ್ಚರು ಮಾಡಿ ಸಿ.ಡಿ. ಹಂಚುತ್ತಾನೆ, ಕೇಬಲ್ಲಿನಲ್ಲೂ ಹಾಕಿಸುತ್ತಾನೆ. ಎರಡು ಭಾಗ ಬಂದಿವೆ. ಹವಾಲ್ದಾರನಿಗೂ ದಲ್ಲಾಳಿಗೂ ಇವರದೇ ದಪ್ಪ ಮೀಸೆ ಬೇಕು; ಅಂಟಿಸಿದ್ದು ಬೆವರಿಗೆ ನಿಲ್ಲುವುದಿಲ್ಲ. ಮೊದಲ ಭಾಗದಲ್ಲಿ ಅಜ್ಜಿಯ ಮೀಸೆಯನ್ನು ಸೆರಗಿನಿಂದ ಮುಚ್ಚಿದ್ದರು. ಎರಡನೆಯದರಲ್ಲಿ ಅಜ್ಜಿ ಬಾಯಿ ತೆರೆದು ಮಿರ್ಚಿ ತಿನ್ನಬೇಕಿತ್ತು. ಹಾಗಾಗಿ ಆ ಇಬ್ಬರ ಪಾಲು ಮುಗಿಸಿ, ಮೀಸೆ ಬೋಳಿಸಿ, ಕೊನೆಗೆ ಅಜ್ಜಿಯನ್ನು ಮಾಡಿದರು.

ಅಲ್ಲೇ ಆದದ್ದು ಎಡವಟ್ಟು. ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಸುವಂತಿಲ್ಲ. ಎಲ್ಲರ ಮನೆಯಲ್ಲೂ ಈ ಪದ್ಧತಿ ಇಲ್ಲ. ನಮ್ಮ ಮನೆತನದಲ್ಲಿ ಇದೆ, ನೆಂಟರಿಗೆಲ್ಲ ಗೊತ್ತು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇವರು ಬೋಳು ತುಟಿಯಲ್ಲಿ ಬಸ್ಸು ಹತ್ತಿದ್ದನ್ನು ತೆಲಿಗಿಯ ನಮ್ಮ ನೆಂಟರೊಬ್ಬರು ದೂರದಿಂದ ಕಂಡರಂತೆ. ಕೂಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಮರುದಿನ ಬೆಳಿಗ್ಗೆ ನಮ್ಮ ಓಣಿಯ ತುದಿಯಲ್ಲಿ ಟೆಂಪೋ ನಿಂತಿತು. ಹಾರ ಹಿಡಿದುಕೊಂಡು, ಎದೆ ಬಡಿದುಕೊಳ್ಳುತ್ತ ಹೆಂಗಸರು ಇಳಿದರು.

ಮಾವ ಗುರುಸಂಗಪ್ಪನವರು ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತಿದ್ದರು. ಅಳು ಕೇಳಿ, ಪಾಪ ಯಾರದೋ ಮನೆಯದು ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ತಾವೂ ಎದ್ದರು.

“ಯಾರು ಹೋದ್ರಬೇ ಕರಿಯಕ್ಕ?” ಎಂದು ಮುಂದೆ ಬಂದ ತಂಗಿಯನ್ನು ಕೇಳಿದರು.

ಕರಿಯಕ್ಕನ ಅಳು ಅರ್ಧಕ್ಕೆ ನಿಂತಿತು. “ನೀನ ಅಲ್ಲೇನೋ ಅಣ್ಣ ಹೋಗಿದ್ದು?”

ತಂದ ಹಾರವನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮಾವ ನಕ್ಕು, ಎಲ್ಲರಿಗೂ ಉಣ್ಣಿಸಿ ಕಳಿಸಿದರು. ಆದರೆ ಶ್ರಾವಣ ಮುಗಿಯುವುದರೊಳಗೆ ಅವರಿಗೆ ಎದೆ ಹಿಡಿದುಕೊಂಡಿತು. ದಾವಣಗೆರೆಗೆ ಒಯ್ದು, ಉಳಿಸಿಕೊಂಡು ಬಂದೆವು. ಅತ್ತೆ ನಾಗಲಿಂಗಮ್ಮನವರಿಗೆ ಡಾಕ್ಟರು ಹೇಳಿದ ಕಾರಣ ಬೇಕಿರಲಿಲ್ಲ. ಮೀಸೆಯೇ ಕಾರಣ ಎಂದರು. ಆಗಷ್ಟೇ ಹುಟ್ಟಿದ್ದ ನಮ್ಮ ಅಮೃತಾಳ ತೊಟ್ಟಿಲು ಮುಟ್ಟಿಸಿ ಮಗನಿಂದ ಆಣೆ ಮಾಡಿಸಿದರು: ಇನ್ನು ಮೇಲೆ ಅಜ್ಜಿ ಇಲ್ಲ.

ಈ ಆಷಾಢಕ್ಕೆ ಮುನಾವರ ಮತ್ತೆ ಬಂದ. ಅಜ್ಜಿ ಇಲ್ಲದ ಸಿ.ಡಿ.ಯನ್ನು ಅಂಗಡಿಯವರು ಕೈಯಲ್ಲೂ ಹಿಡಿಯುವುದಿಲ್ಲವಂತೆ. ಸೆರಗು ಮುಚ್ಚಿ ಮಾಡಿದರಾಯಿತಲ್ಲ ಎಂದು ನಾನು ಹೇಳಿ ನೋಡಿದೆ. ಒಮ್ಮೆ ಮುಖ ತೋರಿಸಿದ ಅಜ್ಜಿ ಹೊಸ ಸೊಸೆಯ ಹಾಗೆ ನಾಚಿದರೆ ಯಾರು ನಂಬುತ್ತಾರೆ ಎಂದ. ಕೊನೆಗೆ ಹವಾಲ್ದಾರ, ದಲ್ಲಾಳಿ ಇವರಿಗೇ ಇರಲಿ, ಅಜ್ಜಿಗೆ ಹಡಗಲಿಯಿಂದ ಬೇರೊಬ್ಬನನ್ನು ಕರೆಸುತ್ತೇನೆ ಎಂದ. ಇವರು ಆಗಲಿ ಎಂದು ತಲೆ ಆಡಿಸಿದರು.

ಅಂದಿನಿಂದ ಇವರು ಕೂತಲ್ಲಿ ಕೂರಲಿಲ್ಲ. ಉಣ್ಣುತ್ತ ಎದ್ದು ಹೋಗುವರು, ಅಂಗಡಿ ತೆಗೆದು ಮತ್ತೆ ಹಾಕಿ ಬರುವರು, ಒಬ್ಬರ ಮೋಟಾರು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಳ್ಳುವರು. ಬೆರಳು ಮಾತ್ರ ಸದಾ ಮೀಸೆಯ ಮೇಲೆ. ಅಮೃತಾಳಿಗೆ ಹಲ್ಲು ಬರುತ್ತಿದ್ದ ದಿನಗಳು. ಏನು ಕೊಟ್ಟರೂ ಉಗುಳುತ್ತಿದ್ದಳು. ಇವರು ಬುತ್ತಿ ಅಜ್ಜಿಯ ದನಿಯಲ್ಲಿ ಕರೆದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಅದನ್ನೂ ಇವರು ನಿಲ್ಲಿಸಿಬಿಟ್ಟಿದ್ದರು. ನಾನು ಆ ದನಿ ತೆಗೆಯಲು ಹೋದರೆ ಕೂಸು ನನ್ನ ಮುಖವನ್ನೇ ಪರೀಕ್ಷೆ ಮಾಡುತ್ತಿತ್ತು.

ನನಗೂ ಸಮಾಧಾನವಿರಲಿಲ್ಲ. ಮಾವನ ಗುಳಿಗೆ ಎಣಿಸುವಾಗ ಅತ್ತೆಯ ಮಾತೇ ಸರಿ ಎನಿಸುವುದು. ಇವರ ಮುಖ ಕಂಡರೆ ಅದೇ ಮಾತು ತಪ್ಪೆನಿಸುವುದು. ಮಾವನನ್ನು ಕೇಳುವ ಹಾಗೂ ಇರಲಿಲ್ಲ. ಟೀವಿಯಲ್ಲಿ ಹವಾಲ್ದಾರ ಬಂದರೆ ಅವರು ನಗುತ್ತಿದ್ದರು. ಬುತ್ತಿ ಅಜ್ಜಿ ಬಂದ ಕೂಡಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಮಗ ಸೀರೆ ಉಟ್ಟದ್ದು ಅವರಿಗೆ ನಾಚಿಕೆ ಎಂದೇ ನಾವೆಲ್ಲ ತಿಳಿದಿದ್ದೆವು.

ಶೂಟಿಂಗಿಗೆಂದು ಇವರು ಹರಪನಹಳ್ಳಿಗೆ ಹೊರಡುವ ಹಿಂದಿನ ಸಂಜೆ ಮುನಾವರ ಅಜ್ಜಿಯ ಸೀರೆ ಒಯ್ಯಲು ಬಂದ. ಹಡಗಲಿಯವನಿಗೆ ಹೇಳಿಕೊಡಲು ಅಜ್ಜಿಯ ನಡೆ ನನಗೆ ಸ್ವಲ್ಪ ತೋರಿಸು ಎಂದು ಇವರನ್ನು ಕೇಳಿದ. ಇವರು ಒಲ್ಲದ ಮನಸ್ಸಿನಿಂದ ಆ ಸೀರೆಯನ್ನು ಹೆಗಲಿಗೆ ಎಳೆದುಕೊಂಡು ಪಡಸಾಲೆಯಲ್ಲಿ ಕೂತು, ಸೆರಗಿನ ತುದಿಯಿಂದ ಮುಂದಿನ ನೆಲ ಒರೆಸಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಬುತ್ತಿಯ ಗಂಟು ಬಿಚ್ಚಿ ತೋರಿಸಿದರು. ಅಷ್ಟು ಮಾಡಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ ಎಂದರು.

ಒಳಗಿನಿಂದ ಮಾವ ಬಂದು ಬಾಗಿಲಲ್ಲಿ ನಿಂತರು.

“ಬಸವೇಶ, ಆ ಮುದುಕಿನ್ನ ಯಾರ ಕೈಯಾಗ ಕೊಡ್ತಿ?”

ಇವರು ಬಿಚ್ಚಿದ ಗಂಟನ್ನು ಮತ್ತೆ ಕಟ್ಟತೊಡಗಿದರು.

“ನಮ್ಮವ್ವ ಹೊಲದಾಗ ಹಿಂಗ ನೆಲ ಒರಸಿ ಬುತ್ತಿ ಬಿಚ್ಚತಿದ್ಲು. ನೀ ಆಗ ಇಷ್ಟ ಇದ್ದಿ, ಎಲ್ಲಿ ನೋಡಿಟ್ಟುಕೊಂಡಿದ್ದ್ಯೋ ಏನೋ. ಟೀವ್ಯಾಗ ಆಕಿ ಬಂದ್ರ ನನಗ ಕುಂದ್ರಾಕ ಆಗದಿಲ್ಲ. ಹಡಗಲಿಯಾವ ಆಕಿನ್ನ ಏನ್ ಬಲ್ಲ?”

ಅತ್ತೆ ಆಣೆಯ ಮಾತು ತೆಗೆದರು. ಮಾವ ಕೋಲು ಗೋಡೆಗೆ ಆನಿಸಿ ನಿಧಾನವಾಗಿ ಕೂತರು. “ಆಣಿ ಮಾಡ್ಸಿದ್ದು ನನ್ನ ಜೀವಕ್ಕಲ್ಲೇನು? ಆ ಜೀವ ಇವನ ಜೊತಿ ಬಸ್ಸಿನ್ಯಾಗ ಬರ್ತೈತಿ. ನನ್ನ ಕಿಟಕಿ ಕಡಿ ಕುಂದ್ರಿಸು ಸಾಕು. ನೋಡಿದ ಮಂದಿ ಟೆಂಪೋ ಮಾಡಸಾದು ತಪ್ಪತೈತಿ.”

ಮುನಾವರ ಸೀರೆಯ ಗಂಟನ್ನು ಸದ್ದಿಲ್ಲದೆ ಇವರ ಪಕ್ಕಕ್ಕೆ ಸರಿಸಿದ.

ಬೆಳಿಗ್ಗೆ ನಾನು ಗುಳಿಗೆಗಳನ್ನು ಬೇರೆ ಬೇರೆ ಪೊಟ್ಟಣ ಮಾಡಿ ಮಾವನ ಜೇಬಿಗೆ ಹಾಕಿದೆ. ಮಜ್ಜಿಗೆಯ ಬಾಟಲಿಯನ್ನು ಇವರ ಕೈಗೆ ಕೊಟ್ಟೆ. ಅತ್ತೆ ಮುಖ ತಿರುಗಿಸಿಕೊಂಡೇ ರೊಟ್ಟಿ ಕಟ್ಟಿಕೊಟ್ಟರು. ಅಪ್ಪ ಮಗ ಇಬ್ಬರೂ ಹರಪನಹಳ್ಳಿಯಲ್ಲಿ ನೆಂಟರ ಮನೆಯಲ್ಲಿ ಉಳಿದ ದಿನಗಳಲ್ಲಿ ಅತ್ತೆ ಬಾಗಿಲಿಗೂ ಒಲೆಗೂ ಎಷ್ಟು ಸಲ ತಿರುಗಿದರೋ. ಓಣಿಯಲ್ಲಿ ಯಾವ ಗಾಡಿ ನಿಂತರೂ ನನ್ನ ಎದೆಯೂ ನಿಲ್ಲುತ್ತಿತ್ತು.

ತಿರುಗಿ ಬರುವ ದಿನ ಅತ್ತೆಗೆ ಮನೆಯಲ್ಲಿ ಇರಲಾಗಲಿಲ್ಲ. ಕೂಸನ್ನು ಎತ್ತಿಕೊಂಡು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಮೊದಲ ಬಸ್ಸಿನಲ್ಲಿ ಅವರಿರಲಿಲ್ಲ. ಎರಡನೆಯದರಿಂದ ಇವರು ಒಬ್ಬರೇ ಇಳಿದರು, ಮೇಲ್ದುಟಿ ಬೆಳ್ಳಗೆ ಬೋಳು. ಅತ್ತೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಚಹಾದಂಗಡಿಯ ರಾಜಾಸಾಬ್ ಇವರನ್ನು ನೋಡಿ, ಕೆಟಲ್ ಕೆಳಗಿಟ್ಟು, ಮುಖ ಸಣ್ಣದು ಮಾಡಿಕೊಂಡು ಹತ್ತಿರ ಬಂದ.

ಇವರು ಬಸ್ಸಿನ ಬಾಗಿಲ ಕಡೆ ತಿರುಗಿ ಕೈ ಚಾಚಿದರು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು, ಟವೆಲ್ಲು ಕೊಡವಿಕೊಂಡು ಮಾವ ನಿಂತರು.

“ರಾಜಾಸಾಬ್, ಮಾರಿ ಯಾಕ ಹಂಗ ಮಾಡೀಯಪಾ? ನಾಲ್ಕು ಚಾ ಹಾಕು. ನನಗ ಸಕ್ರಿ ಬ್ಯಾಡ.”