ಕಿವಿ ಮುಟ್ಟಿದ ಕೈ

ಸರ್ಕಾರದ ಖರ್ಚಿನಲ್ಲಿ ಜರ್ಮನಿಗೆ ಹೋಗಿ ಅಲ್ಲಿಯ ಭಾಷೆ ಕಲಿಯುವವರಿಗೆ ಹಾಕಿದ್ದ ಷರತ್ತುಗಳು ನನಗೆ ಈಗಲೂ ಬಾಯಿಪಾಠ. ಎರಡು ವರ್ಷದ ಓದು. ಹೋಗಿಬರುವ ಹಡಗಿನ ಖರ್ಚು ನಮ್ಮ ಸರ್ಕಾರದ್ದು, ತಿಂಗಳ ವೇತನ ಆ ದೇಶದ್ದು. ನಡುವೆ ಬಿಟ್ಟು ಬಂದರೆ ಕೊಟ್ಟದ್ದನ್ನೆಲ್ಲ ಹಿಂತಿರುಗಿಸಬೇಕು. ಮುಗಿಸಿ ಬಂದಮೇಲೆ ಮೂರು ವರ್ಷ ಸರ್ಕಾರ ಹೇಳಿದ ಕಡೆ ದುಡಿಯಬೇಕು. ಓದು ಮುಗಿಯುವ ತನಕ ಮದುವೆಯಾಗುವಂತಿಲ್ಲ. ಈ ಐದನೆಯದನ್ನು ಓದಿದಾಗಲಂತೂ ಸರ್ಕಾರಕ್ಕೆ ಅಡ್ಡಬೀಳೋಣ ಅನ್ನಿಸಿತ್ತು. ಆ ವರ್ಷ ನನ್ನನ್ನು ನೋಡಲು ಪಿರಿಯಾಪಟ್ಟಣದಿಂದ ಒಂದು, ಹುಣಸೂರಿನಿಂದ ಎರಡು ಗಂಡು ಬಂದು ಉಪ್ಪಿಟ್ಟು ತಿಂದು ಹೋಗಿದ್ದವು.

ನನ್ನನ್ನು ಕೊಂದದ್ದು ಆರನೆಯ ಷರತ್ತು. ಜುಲೈ ಒಂದಕ್ಕೆ ಅಭ್ಯರ್ಥಿಯ ವಯಸ್ಸು ಇಪ್ಪತ್ತೈದು ಮೀರಿರಬಾರದು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ತಾರೀಖೇ ಆಧಾರ. ಆ ತಾರೀಖಿನ ಪ್ರಕಾರ ನನಗೆ ಇಪ್ಪತ್ತೈದರ ಮೇಲೆ ಇಪ್ಪತ್ತೊಂದು ದಿನ. ನಿಜವಾಗಿ ಇಪ್ಪತ್ನಾಲ್ಕೂ ತುಂಬಿರಲಿಲ್ಲ.

ಮೈಸೂರಿನಲ್ಲಿ ಬಿ.ಎ. ಓದುವಾಗ ಸಂಜೆಯ ಜರ್ಮನ್ ತರಗತಿಗೆ ಸೇರಿದ್ದೆ. ಮೊದಮೊದಲು ಹಾಸ್ಟೆಲಿನ ಗದ್ದಲ ತಪ್ಪಿಸಿಕೊಳ್ಳಲು ಹೋಗುತ್ತಿದ್ದವಳಿಗೆ ಆಮೇಲೆ ಅದರ ಹುಚ್ಚೇ ಹಿಡಿಯಿತು. ಓದು ಮುಗಿದು ಚುಂಚನಕಟ್ಟೆಯ ಹತ್ತಿರದ ನಮ್ಮೂರಿಗೆ ವಾಪಸು ಬಂದೆ. ಕೆ.ಆರ್. ನಗರದ ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಟೀಚರ್ ಕೆಲಸ. ಏಪ್ರಿಲ್‌ನಲ್ಲಿ ತೆಗೆದುಹಾಕಿ ಜೂನ್‌ನಲ್ಲಿ ಮತ್ತೆ ಕರೆಯುತ್ತಿದ್ದರು. ಜರ್ಮನ್ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ನಾಲೆಯ ಏರಿಯ ಮೇಲೆ ಒಬ್ಬಳೇ ಗಟ್ಟಿಯಾಗಿ ಮಾತಾಡಿಕೊಂಡು ಹೋಗುತ್ತಿದ್ದೆ. ಊರಿನವರು ಹುಡುಗಿಗೆ ಗಾಳಿ ಸೋಕಿದೆ ಎಂದು ಅವ್ವನಿಗೆ ಹೇಳಿ ತಾಯತವನ್ನೂ ಕಟ್ಟಿಸಿದರು. ದಿನಕ್ಕೊಂದು ಪದ ಮರೆಯುತ್ತಿತ್ತು. ಹೋಗದಿದ್ದರೆ ಸತ್ತೇಹೋಗುತ್ತೇನೆ ಅನ್ನಿಸುತ್ತಿತ್ತು; ದೊಡ್ಡದು ಮಾಡಿ ಹೇಳುತ್ತಿಲ್ಲ, ಹಾಗೇ ಅನ್ನಿಸುತ್ತಿತ್ತು.

ತಾರೀಖು ತಪ್ಪಿದ್ದು ಹೀಗೆ. ಆಗೆಲ್ಲ ಮಗು ಸ್ಕೂಲಿಗೆ ಬಂದರೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಸೇರಿಸುವ ವಯಸ್ಸಾಗಿದೆ, ಅದಕ್ಕೆ ಹೊಂದುವಂತೆ ಮೇಷ್ಟ್ರು ತಮಗೆ ತೋಚಿದ ತಾರೀಖು ಬರೆದುಕೊಳ್ಳುತ್ತಿದ್ದರು. ಅವ್ವ ಕೂಲಿಗೆ ಹೋಗಬೇಕಾಗಿತ್ತು, ನನ್ನನ್ನು ನೋಡಿಕೊಳ್ಳುವವರಿರಲಿಲ್ಲ. ಹಾಗಾಗಿ ಒಂದು ವರ್ಷ ಮುಂಚೆಯೇ ಕರೆದುಕೊಂಡು ಹೋದಳು. ಪಕ್ಕದ ಮನೆಯವಳು ಆಗಷ್ಟೇ ಹೆತ್ತಿದ್ದಳು, 'ನಮ್ಮುಡುಗೀನೂ ಕರ್ಕೊಂಡೋಗವ್ವ' ಎಂದು ತನ್ನ ಮಗಳನ್ನೂ ಜೊತೆಗೆ ಕಳಿಸಿದಳು. ನಾವಿಬ್ಬರೂ ಒಂದೇ ಆಷಾಢದ ಒಂದೇ ವಾರ ಹುಟ್ಟಿದ ಗೆಳತಿಯರು. ನನ್ನ ಸರದಿ ಬಂದಾಗ ಅವ್ವ ಹಿಂದೆ ನಿಂತು ಕೂದಲು ಸರಿಮಾಡುವವಳ ಹಾಗೆ ನನ್ನ ತಲೆಯನ್ನು ಒಂದಿಷ್ಟು ವಾಲಿಸಿದಳು. ಬೆರಳು ಕಿವಿಗೆ ತಾಗಿತು. ಗೆಳತಿಯ ಬೆರಳು ತಾಗಲಿಲ್ಲ. ಮುಂದಿನ ವರ್ಷ ಕರ್ಕೊಂಡು ಬಾ ಅಂದರು ಮೇಷ್ಟ್ರು. ಮುಂದಿನ ವರ್ಷ ಅವಳ ಕಂಕುಳಲ್ಲಿ ತಮ್ಮನಿದ್ದ.

ಷರತ್ತು ಓದಿದ ಸಂಜೆ ನಾನು ಅವ್ವನ ಮೇಲೆ ಹಾರಿಬಿದ್ದೆ. 'ಒಂದು ವರ್ಷ ಮನೇಲಿ ಇಟ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ? ನನ್ನ ಬಾಳು ಹಾಳು ಮಾಡ್ಬುಟ್ಟೆ' ಅಂದೆ. ಅವ್ವ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, 'ನಂಗೇನ್ ಗೊತ್ತಿತ್ತವ್ವ, ಓದ್ಲಿ ಅಂತ ಮಾಡ್ದೆ' ಅಂದಳು. ಅವತ್ತು ಅವಳು ಊಟ ಮಾಡಲಿಲ್ಲ. ನಾನು ಕರೆಯಲೂ ಇಲ್ಲ.

ಅರ್ಜಿ ಹಾಕುವ ಕೊನೆಯ ದಿನಕ್ಕೆ ಐದು ದಿನ ಬಾಕಿ ಇತ್ತು. ಸ್ಕೂಲಿನ ಗುಮಾಸ್ತರು ಒಂದು ದಾರಿ ಹೇಳಿದರು: ನೀನು ಹುಟ್ಟಿದ ಹೊತ್ತಿನಲ್ಲೇ ಊರಲ್ಲಿ ಹುಟ್ಟಿದವರು ಯಾರಾದರೂ ಛಾಪಾಕಾಗದದ ಮೇಲೆ ಪ್ರಮಾಣಪತ್ರ ಕೊಟ್ಟರೆ ಅರ್ಜಿಗೆ ಲಗತ್ತಿಸಿ ನೋಡಬಹುದು, ತಾಯಿಯ ಮಾತು ನಡೆಯೋಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಗೆಳತಿಯ ಮನೆಗೆ ಓಡಿದೆ. ಅವಳು ಒಂದು ಮಾತೂ ಕೇಳದೆ ಮಾರನೆಯ ದಿನದ ಕೂಲಿ ಬಿಟ್ಟು ನನ್ನ ಜೊತೆ ಕೆ.ಆರ್. ನಗರದ ಕೋರ್ಟಿಗೆ ಬಂದಳು. ಬಸ್ಸಿನಲ್ಲಿ ಅಂಗೈ ಚಾಚಿ ತೋರಿಸಿದಳು. 'ಹೆಬ್ಬೆಟ್ಟು ಒತ್ಬೇಕಲ್ಲ, ಕೆಸರೆಲ್ಲ ಹೋಗ್ಲಿ ಅಂತ ಸೀಗೇಕಾಯಲ್ಲಿ ಉಜ್ಜಿವ್ನಿ ಕಣೆ.'

ವಕೀಲರು ಒಳ್ಳೆಯವರೇ. ನನ್ನ ಮಾತೆಲ್ಲ ಕೇಳಿಸಿಕೊಂಡು ಅವಳ ಕಡೆ ತಿರುಗಿದರು.

'ಇವಳ ಜೊತೇಲಿ ಹುಟ್ಟಿದೆ ಅಂತೀಯಲ್ಲಮ್ಮ, ನಿನ್ನ ವಯಸ್ಸಿಗೆ ಏನು ದಾಖಲೆ?'

'ಇಸ್ಕೂಲಿಗೇ ಹೋಗಿಲ್ಲ ಸ್ವಾಮಿ, ನಂಗೆ ಯಾರು ತಾರೀಕು ಬರ್ದಾರು? ನಮ್ಮವ್ವ ಯೋಳ್ತಿದ್ಲು, ಇಬ್ರೂ ಒಂದೇ ವಾರ ಅಂತ.'

'ಅವ್ವನ್ನ ಕರ್ಕೊಂಡು ಬಾ ಹಂಗಾದ್ರೆ.'

'ತೀರೋಗವ್ಳೆ ಸ್ವಾಮಿ.'

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇವಳ ವಯಸ್ಸಿಗೇ ದಾಖಲೆ ಇಲ್ಲದಿರುವಾಗ ಇವಳ ಮಾತಿನಿಂದ ನಿನ್ನ ದಾಖಲೆ ತಿದ್ದುವುದು ಹೇಗಮ್ಮ ಎಂದು ನನ್ನನ್ನೇ ಕೇಳಿದರು. ಕಾಲು ಹಿಡಿಯುವುದೊಂದು ಬಾಕಿ, ಅದನ್ನೂ ಮಾಡಿದೆ. ಗಾಬರಿಯಾಗಿ ಎದ್ದು ನಿಂತರೇ ಹೊರತು ಕಾಗದಕ್ಕೆ ಕೈ ಹಾಕಲಿಲ್ಲ. ಗೆಳತಿ ತೊಳೆದ ಹೆಬ್ಬೆರಳನ್ನು ಮಡಚಿ ಹಿಡಿದುಕೊಂಡೇ ಹೊರಗೆ ಬಂದಳು. ತುಂಬಿಟ್ಟಿದ್ದ ಅರ್ಜಿ ಅಂಚೆಗೆ ಬೀಳಲೇ ಇಲ್ಲ, ನನ್ನ ಟ್ರಂಕಿನಲ್ಲೇ ಉಳಿಯಿತು.

ಬಸ್ಸಿಳಿದು ಏರಿಯ ಮೇಲೆ ನಡೆದೆವು. ನಾನು ಅಳುತ್ತಿದ್ದೆ, ಅಳುತ್ತಲೇ ಅವ್ವನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದೆ. ಅವತ್ತು ನನ್ನ ತಲೆ ಮುಟ್ಟದೆ ಸುಮ್ಮನಿದ್ದಿದ್ದರೆ ಇವತ್ತು ನನಗೆ ಈ ಗತಿ ಬರುತ್ತಿರಲಿಲ್ಲ ಅಂದೆ. ಮೋರಿಯ ಕಟ್ಟೆಯ ಹತ್ತಿರ ಗೆಳತಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಸೆರಗಿನಿಂದ ನನ್ನ ಮುಖ ಒರೆಸಿದಳು.

'ನಿಮ್ಮವ್ವುನ್ನ ಬಯ್ಯಬ್ಯಾಡ ಬುಡು. ನನ್ ತಲೇನೂ ವಸಿ ಬಗ್ಸಿದ್ರೆ ಏನಾಗ್ತಿತ್ತು ಅಂತ ನಾನು ಇವತ್ಗೂ ಅನ್ಕತೀನಿ ಕಣೆ.'