ಗಿಲ್ಬರ್ಟ್ ಅಂಕಲ್ ಕೊನೆಯದಾಗಿ ಹಾಡಿದ ಭಾನುವಾರ

ಬೆಳಿಗ್ಗೆ ಗ್ಲೆಂಡೇಲ್‌ನಿಂದ ಅಂಕಲ್ ಮಗಳು ಎಮ್ಮಾ ಫೋನ್ ಮಾಡಿದಳು.
"ಡ್ಯಾಡ್ ಹೋಗ್ಬಿಟ್ರು" ಅಂದಳು.
ನಾನು ಪೆದ್ದನ ಹಾಗೆ "ಎಲ್ಲಿಗೆ?" ಅಂದೆ...

ಇನ್ನೂ ನಂಬಲಾಗುತ್ತಿಲ್ಲ ಸ್ನೇಹಿತರೇ.

ಗಿಲ್ಬರ್ಟ್ ಅಂಕಲ್...
ಸ್ಯಾನ್ ಡಿಯಾಗೋದಲ್ಲಿ ನಮ್ಮ ಪಕ್ಕದ ಮನೆಯವರು. ಇಂಗ್ಲೆಂಡಿನ ಒಪೆರಾ ಗಾಯಕರು.
ಒಪೆರಾ ಅಂದರೆ ಕಥೆಯೆಲ್ಲ ಹಾಡಿನಲ್ಲೇ ನಡೆಯುವ ನಾಟಕ.
ಪ್ರಾಯದಲ್ಲಿ ರಾಜಕುಮಾರ, ಪ್ರೇಮಿ.
ತಲೆ ನೆರೆತ ಮೇಲೆ ಪಾದ್ರಿ, ಕುಡುಕ... ಒಮ್ಮೆ ಮಾಟಗಾತಿ ಕೂಡ!
ಯಾವ ಪಾತ್ರಕ್ಕೂ ಒಲ್ಲೆ ಅಂದವರಲ್ಲ.
ಬೇರೆ ಗಾಯಕರ ಗಂಟಲು ಕೆಟ್ಟರೆ ಮಧ್ಯಾಹ್ನ ಇವರಿಗೆ ಫೋನ್. ಸಂಜೆಗೆ ಸ್ಟೇಜ್ ಮೇಲೆ.

ಮೂರು ವರ್ಷದ ಹಿಂದೆ ಲಾಸ್ ಏಂಜಲೀಸ್‌ನ ಶೋಗೆ ನಮ್ಮನ್ನೂ ಕರೆದಿದ್ದರು.
ನಾನು ಕಂಪನಿ ನಾಟಕ ನೋಡಿ ಬೆಳೆದವನು...
ಅಂಕಲ್ ಹಾಡು ಮುಗಿಸಿದ್ದೇ ತಡ, ಎದ್ದು ನಿಂತು "ಒನ್ಸ್ ಮೋರ್!" ಅಂತ ಕೂಗಿಬಿಟ್ಟೆ.
ಇಡೀ ಹಾಲ್ ತಿರುಗಿ ನೋಡಿತು.
"ರೀ, ಕೂತ್ಕೊಳ್ರೀ! ಮಾನ ತೆಗಿತೀರಲ್ಲ!" ಹೆಂಡತಿ ಸುಮಾ ಶರ್ಟ್ ಹಿಡಿದು ಎಳೆದಳು.

ಶೋ ಮುಗಿದ ಮೇಲೆ ಅಂಕಲ್ ಹುಡುಕಿಕೊಂಡು ಬಂದರು.
"ನಿಮ್ಮೂರಲ್ಲಿ ಕೇಳಿದ್ರೆ ಮತ್ತೆ ಹಾಡ್ತಾರಾ?"
"ಸತ್ತು ಬಿದ್ದ ಪಾತ್ರನೂ ಎದ್ದು ಹಾಡುತ್ತೆ ಅಂಕಲ್. ಹಾಡಿ ಮತ್ತೆ ಸಾಯುತ್ತೆ!"
"ಛೇ... ನಾನು ಹುಟ್ಟಿದ ದೇಶವೇ ತಪ್ಪು!"
ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಕೋವಿಡ್ ಬಂತು ಅವರಿಗೆ. ಶ್ವಾಸಕೋಶ ಸೋತಿತು. ಹಾಡು ನಿಂತಿತು.

ಅಂಕಲ್...
ಹೋದ ತಿಂಗಳು ನೀವೇ ಬಂದು ಕೇಳಿದಿರಿ.
"ನಿಮ್ಮ ಕನ್ನಡ ಕೂಟದಲ್ಲಿ ಒಂದು ಹಾಡು ಹಾಡ್ಲಾ? ಒಂದೇ."
ಇಲ್ಲೇ ಕರ್ನಿ ಮೆಸಾ ಬಡಾವಣೆಯಲ್ಲಿ ಭಾನುವಾರದ ಕೂಟಕ್ಕೆ ಹಾಲ್ ಬುಕ್ ಆಗಿತ್ತು. ಹೂಂ ಅನ್ನಬಹುದಿತ್ತು.
"ಮೊದಲು ಹುಷಾರಾಗಿ, ಮುಂದಿನ ಸಲ ನೋಡೋಣ" ಅಂದೆ.
ನಿಮ್ಮ ಒಳ್ಳೆಯದಕ್ಕೇ ಅಂದುಕೊಂಡೆ, ಅಂಕಲ್...
ಯಾವ ಪಾತ್ರಕ್ಕೂ ಒಲ್ಲೆ ಅನ್ನದ ನಿಮಗೆ ನಾನು ಒಲ್ಲೆ ಅಂದೆ.
ನೀವು ತಲೆಯಾಡಿಸಿ ಹೋದಿರಿ.

ಅದನ್ನೇ ಎಮ್ಮಾ ಹತ್ತಿರ ಹೇಳಿಕೊಂಡು ಅತ್ತೆ.
ಅವಳು ಅಂದಳು,
"ಆದ್ರೆ ಡ್ಯಾಡ್ ಹಾಡಿದ್ರು. ನಿಮ್ಮ ಕೂಟದ ಭಾನುವಾರವೇ... ಗ್ಯಾರೇಜಿನಲ್ಲಿ, ಕಾರಿನ ಗಾಜು ಏರಿಸ್ಕೊಂಡು. ನಿಮಗೆ ಕೇಳಿಸಿದ್ರೆ ಬೈತೀರಿ ಅಂತ."

ಕೇಳಿಸಿತ್ತು.
ಕೂಟಕ್ಕೆ ಹೊರಟು ಕಾರಿನ ಬಾಗಿಲು ತೆಗೆಯುತ್ತಿದ್ದೆ. ಎಲ್ಲೋ ಸಣ್ಣಗೆ ಒಂದು ಹಾಡು...
ಯಾರದೋ ರೇಡಿಯೋ ಅಂದುಕೊಂಡು ಹೊರಟುಬಿಟ್ಟೆ.

ಹೋಗಿ ಬನ್ನಿ ಅಂಕಲ್...
ದಣಿದ ಆ ಉಸಿರಿಗೆ ಇನ್ನಾದರೂ ನೆಮ್ಮದಿ ಸಿಗಲಿ.