ಈರಮ್ಮನ ವೇಗ

ಇಂದು ಬೆಳಿಗ್ಗೆ ಸೈಕಲ್ ಹತ್ತುವ ಮುಂಚೆ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಎರಡು ವರ್ಷದ ಹಿಂದಿನ ಮಾಧವರಂ ದಾರಿ ನೆನಪಾಗುತ್ತದೆ. ನಿಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಪಡಬೇಕಾದ್ದನ್ನೆಲ್ಲ ಅಂದೇ ಪಟ್ಟಾಗಿದೆ.

ಆದೋನಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿದವನು ನಾನು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಒಬ್ಬನೇ ಹೋಗಿ ಎಲ್ಲಿ ಬೀಳುತ್ತೇನೋ ಎಂದು ಹೆಂಡತಿ ಈರಮ್ಮ ತಾನೂ ಹೊರಟಳು. ಐವತ್ತು ದಾಟಿದವಳಿಗೆ ಕ್ಯಾರಿಯರ್ ಹಿಡಿದು ಸೈಕಲ್ ಕಲಿಸಿದವನು ನಾನೇ. ಇದನ್ನು ಸಿಕ್ಕವರಿಗೆಲ್ಲ ಹೇಳಿದೆ. ಅವಳು ಹಾಲಹರವಿ ಕಡೆಯ ಕುರಿ ಸಾಕುವವರ ಮಗಳು, ಮದುವೆಯಾಗುವವರೆಗೂ ಹಿಂಡಿನ ಜೊತೆ ಹೊತ್ತು ಮುಳುಗುವ ತನಕ ನಡೆದವಳು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನನಗೇ ಅದು ಹೊಳೆದಿರಲಿಲ್ಲ.

ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ಏಳೆಂಟು ಮಂದಿ. ಎಲ್ಲರಿಗಿಂತ ಮುಂದೆ ಲೈನ್‌ಮನ್ ರಾಮು. ಎಲ್ಲರಿಗಿಂತ ಹಿಂದೆ ನಾವಿಬ್ಬರು. ಏರು ಬಂದರೆ ಸಾಕು, ಈರಮ್ಮನ ಚೈನಿಗೆ ಏನಾದರೂ ಆಗುತ್ತಿತ್ತು. ಅವಳು ಇಳಿಯುವಳು, ನಾನೂ ಇಳಿದು, ಏದುಸಿರು ಬಿಡುತ್ತಲೇ ಅವಳಿಗೆ ಬೈಯುವೆನು. ನದಿಯ ಮೇಲಿನ ಮಾಧವರಂ ಸೇತುವೆಗೆ ಹೊರಟ ದಿನವೂ ಹಾಗೇ ಆಯಿತು. ನಮಗಾಗಿ ಹಿಂದಿರುಗಿ ಬಂದ ರಾಮು ಕೂತು ಚೈನು ನೋಡಿದ, ಪೆಡಲು ತಿರುಗಿಸಿದ, ನಕ್ಕ.

"ಚೈನಿಗೆ ಏನೂ ಆಗಿಲ್ಲ ಸಾರ್. ಅಮ್ಮಾರಿಗೆ ನಿಮ್ಮನ್ನ ಬಿಟ್ಟು ಹೋಗಾಕ ಮನಸಿಲ್ಲ, ಅಷ್ಟ."

ಈರಮ್ಮ ನೆಲ ನೋಡಿದಳು. ರಾಮು ಮೆಲ್ಲಗೆ ಮುಂದೆ ಹೋದ.

"ಎಷ್ಟು ದಿನದಿಂದ ಈ ನಾಟಕ?" ಎಂದೆ.

"ಶುರುವಿನಿಂದರಿ. ನೀವು ಒಬ್ಬರೇ ಹಿಂದ ಉಳಿದ್ರ ಬ್ಯಾಸರ ಮಾಡ್ಕಂತೀರಿ ಅಂತ..."

ಸಿಟ್ಟು ಬಂತು, ನಿಜ. ಆದರೆ ನಿಂತಲ್ಲೇ ನೋಡಿದೆ: ನನ್ನ ಅಂಗಿ ಬೆವರಿಗೆ ಒದ್ದೆ ಮುದ್ದೆಯಾಗಿತ್ತು, ಅವಳ ಹಣೆಯ ಕುಂಕುಮ ಕೂಡ ಕರಗಿರಲಿಲ್ಲ. ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ.

"ಹೋಗು ಈರಮ್ಮ. ನಿನ್ನ ಕಾಲಾಗ ಎಷ್ಟು ಶಕ್ತಿ ಐತೋ ಅಷ್ಟೂ ತುಳಿ."

"ನೀವು?"

"ಬರ್ತೀನಿ. ದಾರಿ ಎಲ್ಲಿ ಓಡಿ ಹೋಗತೈತಿ?"

ಹೋದಳು. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಏರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು, ಕೊನೆಗೆ ರಾಮುವನ್ನೂ. ಮದುವೆಯಾದಾಗಿನಿಂದ ಬೀದಿಯಲ್ಲಿ ನಾನು ಮುಂದೆ, ಅವಳು ಹಿಂದೆ. ನನ್ನ ಬೆನ್ನು ಅವಳಿಗೆ ಬಾಯಿಪಾಠ. ನನ್ನನ್ನು ಬಿಟ್ಟು ಮುಂದೆ ಸಾಗುವ ಅವಳ ಬೆನ್ನನ್ನು ನಾನು ಕಂಡಿದ್ದೇ ಅಂದು. ಎಷ್ಟು ನೆಟ್ಟಗಿತ್ತು ಗೊತ್ತೇ!

ದಾರಿಯಲ್ಲಿ ಚಹಾದಂಗಡಿಯವನು ಕೂಗಿದ: "ಮೇಡಂ ಇಷ್ಟೊತ್ತಿಗೆ ನದಿ ಮುಟ್ಟಿರ್ತಾರ ಸಾರ್! ಮೆಲ್ಲಗಾ ರಾಂಡಿ!" ಮೆಲ್ಲಗೆ ಬನ್ನಿ ಎಂಬುದು ಅವನ ತೆಲುಗು. ಮೆಲ್ಲಗೆ ಹೋಗುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸೇತುವೆಯ ಹತ್ತಿರ ಅವಳು ಮುಖ ತೊಳೆದು ನಿಂತಿದ್ದಳು. ಕೆನ್ನೆ ಕೆಂಪಗೆ, ಕೂದಲು ಬಿಚ್ಚಿ ಹಾರಾಡುತ್ತಿತ್ತು. "ರೀ, ಇಳಿಜಾರಿನಾಗ ಕೂಗಿಬಿಟ್ಟೆ! ಮಂದಿ ಏನಂದ್ರೋ!" ಎಂದು ನಕ್ಕಳು. ಆ ನಗೆಯನ್ನು ಇಷ್ಟು ವರ್ಷ ಎಲ್ಲಿಟ್ಟಿದ್ದಳೋ. ನಾನು ಅವಳ ಸೈಕಲ್ಲಿನ ಧೂಳು ಒರೆಸಿದೆ.

ಈಗ ಭಾನುವಾರ, ಅವಳು ನನಗಾಗಿ ಕಾಯದಿರಲಿ ಎಂದು, ನಾನು ಅವಳಿಗಿಂತ ಮುಕ್ಕಾಲು ಗಂಟೆ ಮುಂಚೆ ಹೊರಡುತ್ತೇನೆ, ಇಂದೂ ಹಾಗೆಯೇ ಹೊರಟೆ. ಎಮ್ಮಿಗನೂರಿನ ದಾರಿಯಲ್ಲಿ ಹಿಂದಿನಿಂದ ಅವಳ ಸೈಕಲ್ಲಿನ ಗಂಟೆ ಕೇಳಿಸಿತು. ಎಡಕ್ಕೆ ಸರಿದೆ. ಮೊದಮೊದಲು ಅವಳು ನನ್ನನ್ನು ದಾಟುವಾಗ ಒಮ್ಮೆ ತಿರುಗಿ ನೋಡುತ್ತಿದ್ದಳು. ಇಂದು ನೋಡಲಿಲ್ಲ. ಸುಮ್ಮನೆ ತುಳಿಯುತ್ತ ಹೋದಳು.